ಕುಕ್ಕರಿನೊಳಗಿನ ಬಸಳೆ

ನನ್ನ ತಂಗಿಯ ಮಗಳು ಒಂದು ಸೆಮಿಸ್ಟರಿನ ಓದಿಗಾಗಿ ಆಸ್ಟ್ರೇಲಿಯಾಕ್ಕೆ ಹೊರಟದ್ದು 2012ರ ಜೂನ್ ತಿಂಗಳಲ್ಲಿ ಎಂದು ತಂಗಿ ಇಂದಿಗೂ ಹೇಳುತ್ತಾಳೆ. ಅದು ಸರಿಯಲ್ಲ. ಹೊರಡುವ ಮುನ್ನ ಠಾಣೆಯ ವರ್ತಕ ನಗರದ ಅವಳ ಮನೆಯಲ್ಲಿ ನಡೆದ ಬೀಳ್ಕೊಡುಗೆಯಲ್ಲಿ ಬಂದವರಿಗೆಲ್ಲ ಆಲೂಗಡ್ಡೆಯ ಭಜಿ ಕೊಟ್ಟಿದ್ದರು, ಈರುಳ್ಳಿಯ ಕಾಂದಾಭಜಿ ಇರಲಿಲ್ಲ. ತಂಗಿಯ ಮನೆಯೊಳಗೆ ಆಷಾಢ ಏಕಾದಶಿಯಿಂದ ಕಾರ್ತಿಕದವರೆಗೆ ಈರುಳ್ಳಿ ಬರುವುದಿಲ್ಲ. ಆ ವರ್ಷದ ಏಕಾದಶಿ ಜೂನ್ ಮುಗಿಯುವ ಹೊತ್ತಿಗೆ ಬಿದ್ದಿತ್ತೆಂದು ಪಂಚಾಂಗ ತೆರೆದು ನೋಡಿದ್ದೇನೆ. ಆದ್ದರಿಂದ ಜುಲೈ. ಹುಡುಗಿಯ ಪಾಸ್‌ಪೋರ್ಟಿನ ಮೊಹರೂ ಜುಲೈ ಎಂದೇ ಹೇಳುತ್ತದೆ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವುಂಟು. ಅಂದು ನಡೆದದ್ದು ನಮ್ಮವರ ಬಾಯಲ್ಲಿ ಈಗ ಬೇರೆಯೇ ರೂಪ ತಾಳಿದೆ. ಕೆಲವರು ಹೇಳುವ ಕಥೆಯಲ್ಲಿ ಬಸಳೆಯೇ ಇಲ್ಲ; ಇನ್ನು ಕೆಲವರ ಕಥೆಯಲ್ಲಿ ಅದನ್ನು ಪೆಟ್ಟಿಗೆಯೊಳಗೆ ಇಟ್ಟವಳು ನಾನು.

ನಾನು ದುಡಿದ ವರ್ಷಗಳನ್ನೆಲ್ಲ ಸಸ್ಯರೋಗಗಳ ಪ್ರಯೋಗಾಲಯದಲ್ಲಿ ಕಳೆದವಳು. 2006ರಲ್ಲಿ ನಿವೃತ್ತಳಾಗಿ ಡೊಂಬಿವಲಿ ಪೂರ್ವದ ಮನೆಯಲ್ಲಿ ಒಬ್ಬಳೇ ಇದ್ದೆ. ತಂಗಿಯ ಮಗಳು ಚಿಕ್ಕಂದಿನಲ್ಲಿ ಶಾಲೆಯ ರಜೆಗೆ ನನ್ನಲ್ಲಿಗೆ ಬಂದು, ಕಿಟಕಿಯ ಜಾಲರಿಯಲ್ಲಿಟ್ಟ ಕುಂಡಗಳ ಎಲೆಗಳನ್ನು ಮಗುಚಿ, ಚುಕ್ಕೆಗಳನ್ನು ಭೂತಗನ್ನಡಿಯಲ್ಲಿ ನೋಡುತ್ತ ಕೂರುತ್ತಿದ್ದಳು. ಆ ಆಟವೇ ಮುಂದೆ ಓದಾಯಿತು. ನವಿ ಮುಂಬಯಿಯ ಒಂದು ಕಾಲೇಜಿನಲ್ಲಿ ಸ್ನಾತಕೋತ್ತರ ತರಗತಿಯಲ್ಲಿದ್ದಾಗ ಅವಳಿಗೆ ಹೊರದೇಶದ ಒಂದು ವಿಶ್ವವಿದ್ಯಾಲಯದಲ್ಲಿ ಒಂದು ಸೆಮಿಸ್ಟರ್ ಕಲಿಯುವ ಅವಕಾಶ ದೊರೆಯಿತು. ಅಲ್ಲಿ ಒಂದು ಗಾಜಿನ ಮನೆಯಿತ್ತು. ರೋಗ ತಗುಲಿದ ಸಸ್ಯಗಳನ್ನು ಹೊರಗಿನ ಗಾಳಿ, ಮಣ್ಣು, ಕೀಟ ಯಾವುದೂ ಸೋಕದಂತೆ ಅದರೊಳಗೆ ಬೆಳೆಸಿ ರೋಗದ ನಡೆಯನ್ನು ಗಮನಿಸುತ್ತಿದ್ದರು. ಒಳಗೆ ಹೋಗುವವರು ಬಾಗಿಲಲ್ಲೇ ಬಟ್ಟೆ ಬದಲಿಸಿ, ಮೊಣಕೈವರೆಗೆ ಕೈತೊಳೆದು ಹೋಗಬೇಕು. ಅದರೊಳಗೆ ಕೆಲಸ ಮಾಡಲು ಅವಳಿಗೆ ಒಂದು ಜಾಗ ಸಿಕ್ಕಿತ್ತು. ಅವಳ ಪಾಲಿಗೆ ಇಡೀ ಪ್ರಯಾಣವೆಂದರೆ ಅದೇ.

"ದೊಡ್ಡಮ್ಮಾ, ಬಾಕಿ ಸಗಳ ಎಲ್ಲ ಇಲ್ಲೂ ಇದೆ. ಗ್ಲಾಸ್‌ಹೌಸ್ ಮಾತ್ರ ಇಲ್ಲ," ಎಂದಿದ್ದಳು. ಕನ್ನಡದಲ್ಲಿ ಶುರುವಾದ ಅವಳ ಮಾತು ನಡುವೆ ಮರಾಠಿಯನ್ನೋ ಹಿಂದಿಯನ್ನೋ ಮುಟ್ಟದೆ ಮುಗಿಯುತ್ತಿರಲಿಲ್ಲ.

ವೀಸಾ, ವೈದ್ಯಕೀಯ ತಪಾಸಣೆ, ಇಂಗ್ಲಿಷ್ ಪರೀಕ್ಷೆ, ಇವುಗಳ ಓಡಾಟವನ್ನು ಅವಳೇ ಮುಗಿಸಿದಳು. ಅದರಲ್ಲಿ ಯಾರಿಗೂ ಆಸಕ್ತಿಯಿರಲಿಲ್ಲ. ಆಸಕ್ತಿ ಹುಟ್ಟಿದ್ದು ಪೆಟ್ಟಿಗೆ ಕೊಂಡು ತಂದ ಮೇಲೆ. ಜುಲೈಯಲ್ಲಿ ಆ ದೇಶದಲ್ಲಿ ಚಳಿಗಾಲ. ಆದ್ದರಿಂದ ನಾವು ಮೂವರೂ ಸುರಿಯುವ ಮಳೆಯಲ್ಲಿ ಠಾಣೆ ಸ್ಟೇಷನ್ನಿನ ಬಳಿಯ ಅಂಗಡಿಗಳಲ್ಲಿ ಸ್ವೆಟರ್ ಹುಡುಕಿದೆವು. ಅಂಗಡಿಯವನು ಅಟ್ಟದಿಂದ ಇಳಿಸಿಕೊಟ್ಟದ್ದಕ್ಕೆ ಹಿಂದಿನ ಚಳಿಗಾಲದ ನುಸಿಗುಳಿಗೆಯ ವಾಸನೆಯೂ ಈ ಮಳೆಗಾಲದ ಬೂಷ್ಟಿನ ವಾಸನೆಯೂ ಕೂಡಿ ಹತ್ತಿತ್ತು. ತಂಗಿ ಅದನ್ನು ಮೂಗಿಗೆ ಹಿಡಿದು, "ಬಿಸಿಲಿಗೆ ಹಾಕಿದ್ರ ಹೋಗ್ತದ," ಎಂದಳು. ಬಿಸಿಲು ಎಲ್ಲಿತ್ತು?

ಇತ್ತ ಹುಡುಗಿಯ ಮುಖ ರಸ್ತೆಗೆ ಬಂದಿತ್ತು. ವರ್ತಕ ನಗರದ ತಿರುವಿನಲ್ಲಿ ಫ್ಲೆಕ್ಸ್ ಕಟ್ಟಿಸಿದ್ದರು. ಅದರ ಮುಕ್ಕಾಲು ಭಾಗದಲ್ಲಿ ಕೈಮುಗಿದು ನಗುತ್ತಿದ್ದ ಸ್ಥಳೀಯ ನಾಯಕರು, ಅವರ ಸುತ್ತ ಅಂಚೆಚೀಟಿಯ ಗಾತ್ರದಲ್ಲಿ ಅವರ ಹಿಂಬಾಲಕರು, ಕೆಳಗಿನ ಮೂಲೆಯಲ್ಲಿ ಎರಡು ಜಡೆಯ ನಮ್ಮ ಹುಡುಗಿ, ಹತ್ತನೆಯ ತರಗತಿಯ ಫೋಟೋದಲ್ಲಿ. 'ಪರದೇಶಗಮನಾಚ್ಯಾ ಹಾರ್ದಿಕ ಶುಭೇಚ್ಛಾ' ಎಂದು ಮೇಲೆ ಬರೆದಿತ್ತು. ವೀಸಾ ಇನ್ನೂ ಬಂದಿರಲಿಲ್ಲ. ನಾಯಕರು ಅವಳನ್ನು ಒಮ್ಮೆಯೂ ಕಂಡವರಲ್ಲ. ಅದನ್ನು ಕಟ್ಟಿಸಿದ್ದು ತಂಗಿಯ ಎದುರು ಮನೆಯವರ ಉತ್ಸಾಹ. ನೋಡಿ ಬಾ ಎಂದು ತಂಗಿ ನನ್ನನ್ನು ಮಳೆಯಲ್ಲೇ ಕಳಿಸಿದಳು. ಹೋಗಿ ನೋಡಿದೆ. ನೀರು ತುಂಬಿ ಫ್ಲೆಕ್ಸಿನ ಕೆಳಗಿನ ಅಂಚು ಹೊಟ್ಟೆಯಂತೆ ಜೋತು ಬಿದ್ದಿತ್ತು. ಮೇಲಿನ ಕಂಬಿಯಲ್ಲಿ ಕುಳಿತ ಕಾಗೆಗಳು ಅವಳ ಹಣೆಯ ಮೇಲೆ ಹೇತಿದ್ದವು. ಐದು ತಿಂಗಳಿಗೆ ಹೋಗಿ ಮರಳಿ ಬರುವ ಹುಡುಗಿಗೆ ಇದೆಲ್ಲ ಏಕೆಂದು ನಾನು ಕೇಳಿದಾಗ ತಂಗಿಗೆ ಸಿಟ್ಟು ಬಂತು.

"ಅಕ್ಕಾ, ನಿನಗ ಖುಷಿ ಅನ್ನೂದು ಗೊತ್ತಽ ಇಲ್ಲ ನೋಡು. ಮಂದಿ ತಾವಾಗೇ ಮಾಡ್ಯಾರ."

ಎದುರು ಮನೆಯವಳ ವಿಷಯ ಇಲ್ಲಿ ಹೇಳಬೇಕು. ಅವರು ಕರಾವಳಿಯವರು, ಗಂಡನದು ಕೋಪರಖೈರಣೆಯಲ್ಲಿ ಹೋಟೆಲು. ಆಕೆ ಮನೆಯಲ್ಲಿ ತುಳು, ನಮ್ಮೊಡನೆ ಕನ್ನಡ, ಕೆಳಗಿನ ತರಕಾರಿಯವಳೊಡನೆ ಮರಾಠಿ ಆಡುತ್ತಿದ್ದಳು. ಮೂರರಲ್ಲೂ ಒಂದೇ ಜೋರು. ತಂಗಿಗೆ ಕಾಯಿಲೆಯಾದಾಗ ಎರಡು ಹೊತ್ತೂ ಗಂಜಿ ಮಾಡಿ ತಂದವಳು ಆಕೆಯೇ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆಕೆಯ ಬಾಲ್ಕನಿಯ ಸರಳುಗಳಿಗೆ ಬಸಳೆ ಹಬ್ಬಿತ್ತು. ಎಷ್ಟೆಂದರೆ ಕೆಳಗಿನ ಮಹಡಿಯವರ ಬಟ್ಟೆ ಒಣಗುವ ಹಗ್ಗದವರೆಗೂ ಅದರ ದಂಟು ಇಳಿದಿತ್ತು, ಅದರ ಕಪ್ಪು ಹಣ್ಣಿನ ನೇರಳೆ ಕಲೆಯ ಬಗ್ಗೆ ಸೊಸೈಟಿಯ ಸಭೆಯಲ್ಲಿ ಜಗಳವೂ ಆಗಿತ್ತು. ಆ ಎಲೆಗಳನ್ನು ನಾನು ನೋಡಿದ್ದೆ. ಕೆಂಪು ಅಂಚಿನ, ನಡುವೆ ಬಿಳಚಿದ ಚುಕ್ಕೆಗಳು, ದಂಟಿನ ಸಂದುಗಳಲ್ಲಿ ಬಿಳಿಯ ಹಿಟ್ಟು ತಿಗಣೆ. ಬೇರಿನಲ್ಲಿ ಜಂತುಹುಳುವಿನ ಗಂಟುಗಳೂ ಇದ್ದೇ ಇರುತ್ತವೆ ಎಂದು ಬಳ್ಳಿಯ ಬಣ್ಣದಿಂದಲೇ ಹೇಳಬಹುದಿತ್ತು. ಆಕೆ ಅದನ್ನೇ ಕಿತ್ತು ಕಿತ್ತು ಇಡೀ ಕಟ್ಟಡಕ್ಕೆ ಹಂಚುತ್ತಿದ್ದಳು.

ಬೀಳ್ಕೊಡುಗೆಗೆ ಒಂದು ವಾರ ಮುಂಚಿನಿಂದಲೇ ಪೊಟ್ಟಣಗಳು ಬರತೊಡಗಿದವು. ಪರದೇಶಕ್ಕೆ ಹೊರಟವರ ಪೆಟ್ಟಿಗೆ ಹೊರಟವರದಲ್ಲವೆಂಬುದು ನಮ್ಮವರಲ್ಲಿ ಬೇರೂರಿದ ನಂಬಿಕೆ. ಆ ದೇಶದ ಯಾವುದೋ ಊರಿನಲ್ಲಿ ಯಾರಿಗೋ ಮಗಳಿರುತ್ತಾಳೆ, ಮತ್ತೊಬ್ಬರಿಗೆ ಮೈದುನನಿರುತ್ತಾನೆ. ಆ ಊರು ಹುಡುಗಿಯ ಊರಿನಿಂದ ಕಾಶಿಗೂ ರಾಮೇಶ್ವರಕ್ಕೂ ಇರುವಷ್ಟು ದೂರವಿದ್ದರೂ "ಅಲ್ಲೇ ಹತ್ತಿರ, ಫೋನ್ ಮಾಡಿದರೆ ಬಂದು ಒಯ್ಯುತ್ತಾರೆ" ಎನ್ನುತ್ತಾರೆ. ಕಲ್ಯಾಣದಿಂದ ಒಬ್ಬರು ಗುರೆಳ್ಳು ಚಟ್ನಿಪುಡಿ ತಂದರು. ಇನ್ನೊಬ್ಬರು ತಂದ ಹಪ್ಪಳದ ಕಟ್ಟಿನಲ್ಲಿ ಬಿಳಿ ಹುಳು ಹರಿದಾಡುತ್ತಿತ್ತು. ಯಾರೋ ಸಿಗಡಿಯ ಚಟ್ನಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆಸಿ ತಂದಿದ್ದರು. ಗಾಳಿ ಹೋಗಿತ್ತು, ವಾಸನೆ ಹೋಗಿರಲಿಲ್ಲ. ಸಸ್ಯಾಹಾರಿಯಾದ ತಂಗಿಯ ಮನೆಯ ನಡುಕೋಣೆಯಲ್ಲಿ ಎಣ್ಣೆ, ಸಿಗಡಿ, ಒದ್ದೆ ಕೊಡೆ, ನೆನೆದ ಕಾಲ್ಚೀಲಗಳ ವಾಸನೆ ಒಂದಾಗಿ ಗೋಡೆಗೆ ಅಂಟಿಕೊಂಡಿತು. ಹುಡುಗಿಯ ಪುಸ್ತಕಗಳನ್ನು ಪೆಟ್ಟಿಗೆಯಿಂದ ತೆಗೆದು ಸೋಫಾದ ಕೆಳಗೆ ತಳ್ಳಿದ್ದನ್ನು ನಾನು ನೋಡಿದೆ.

ಬೀಳ್ಕೊಡುಗೆಯ ಭಾನುವಾರ ಮಧ್ಯಾಹ್ನ ನಾನು ಡೊಂಬಿವಲಿಯಿಂದ ಹೋಗಿ, ಬಂದವರೆಲ್ಲರ ಎದುರಿಗೇ ಪೆಟ್ಟಿಗೆಯನ್ನು ಖಾಲಿ ಮಾಡಿಸಿದೆ. ಬೀಜ, ಕಾಳು, ಸಿಗಡಿ, ಬೇರು, ಹಸಿ ಎಲೆ ಯಾವುದನ್ನೂ ಆ ದೇಶ ಒಳಗೆ ಬಿಡುವುದಿಲ್ಲ, ಅಂಥದ್ದು ಸಿಕ್ಕರೆ ಇವಳ ಓದಿಗೇ ಕುತ್ತು ಬರುತ್ತದೆ ಎಂದು ಬಿಡಿಸಿ ಹೇಳಿದೆ. ಕೇಳಿಸಿಕೊಂಡವರ ಕೈ ಭಜಿಯ ತಟ್ಟೆಯ ಕಡೆಗೇ ಹೋಗುತ್ತಿತ್ತು.

ಎದುರು ಮನೆಯವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. "ಅಕ್ಕ, ಒಂದು ಮಾತು. ನನ್ನ ತಂಗಿ ಉಂಟಲ್ಲ ಅಲ್ಲಿ, ಅವಳಿಗೆ ಬಸಳೆ ಅಂದ್ರೆ ಜೀವ. ಎರಡೇ ಎರಡು ದಂಟು. ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಡ್ತೇನೆ. ಅಲ್ಲಿ ನೆಟ್ಟುಕೊಳ್ತಾಳೆ, ಪಾಪ."

"ಆಗುವುದಿಲ್ಲ," ಎಂದೆ. "ಈಗ ಹೇಳಿದ್ದು ಅದನ್ನೇ. ಈ ಹುಡುಗಿ ಅಲ್ಲಿಗೆ ಹೋಗುತ್ತಿರುವುದೇ ಗಿಡಗಳ ರೋಗ ಕಲಿಯಲು. ಅವಳ ಪೆಟ್ಟಿಗೆಯಲ್ಲೇ ರೋಗದ ಬಳ್ಳಿ ಸಿಕ್ಕರೆ ಅವಳನ್ನು ಯಾರು ಒಳಗೆ ಸೇರಿಸುತ್ತಾರೆ?"

"ರೋಗವಾ? ನಮ್ಮ ಬಸಳೆಗೆ ಎಂತ ರೋಗ ಮಾರಾಯ್ರೆ! ನಾವು ದಿನಾ ತಿನ್ನುದಲ್ಲವಾ, ಗಟ್ಟಿ ಇಲ್ಲವಾ ನಾವು?" ಎಂದು ತನ್ನ ತೋಳನ್ನು ತೋರಿಸಿದಳು. ಎಲ್ಲರೂ ನಕ್ಕರು. ಬಳಿಕ ಆಕೆಯೇ ಮೃದುವಾಗಿ, "ಆಯ್ತು ಅಕ್ಕ. ನೀವು ಓದಿದವರು, ಬೇಡ ಅಂದ್ರೆ ಬೇಡ," ಎಂದಳು.

ಪೆಟ್ಟಿಗೆಯನ್ನು ತೂಗಲು ಕೆಳಗಿನ ರದ್ದಿ ಅಂಗಡಿಯಿಂದ ಕೊಕ್ಕೆಯ ತಕ್ಕಡಿ ತರಿಸಿದ್ದರು. ಕಳಂಬೋಲಿಯ ಕಬ್ಬಿಣದ ಪೇಟೆಯಲ್ಲಿ ವ್ಯಾಪಾರ ಮಾಡುವ ತಂಗಿಯ ಮೈದುನ ಅದನ್ನು ಎತ್ತಿ ಹಿಡಿದು, "ನಾವು ಟನ್ ಲೆಕ್ಕದಾಗ ತೂಗಾವ್ರು. ಇದೇನ್ ಬಿಡ್ರಿ, ಇನ್ನಾ ಒಂದು ಕುಕ್ಕರ್ ಹಿಡೀತದ," ಎಂದು ಘೋಷಿಸಿದ. ಹಾಗೆ ಪ್ರೆಷರ್ ಕುಕ್ಕರ್ ಸೇರಿತು. ಅದರೊಳಗೆ ಜಾಗ ವ್ಯರ್ಥವಾಗಬಾರದೆಂದು ಯಾರೋ ಅವಲಕ್ಕಿಯ ಚೀಲ ಇಟ್ಟರು. ಕುಕ್ಕರಿನ ಮುಚ್ಚಳಕ್ಕೆ ಟೇಪು ಸುತ್ತಿದ್ದನ್ನು ನಾನು ನೋಡಿದೆ. ಆಮೇಲೆ ಅದನ್ನು ಯಾರು, ಯಾವ ಹೊತ್ತಿನಲ್ಲಿ ಬಿಚ್ಚಿ ಮತ್ತೆ ಸುತ್ತಿದರೋ ನೋಡಲಿಲ್ಲ. ಅಂದು ಆ ಮನೆಯಲ್ಲಿ ಪೆಟ್ಟಿಗೆಯ ಸುತ್ತ ಕೈ ಹಾಕದವರೇ ಇರಲಿಲ್ಲ.

ಹೊರಡುವಾಗ ಹುಡುಗಿಯ ಕಿವಿಯಲ್ಲಿ ಒಂದೇ ಮಾತು ಹೇಳಿದೆ: ವಿಮಾನದಲ್ಲಿ ಕೊಡುವ ಘೋಷಣೆಯ ಕಾರ್ಡಿನಲ್ಲಿ, ಅನುಮಾನವಿದ್ದಲ್ಲಿ ಹೌದು ಎಂದು ಗುರುತು ಹಾಕು. ಉಳಿದವರು ಅವಳಿಗೆ ಹೇಳಿದ್ದು ಇದಕ್ಕೆ ವಿರುದ್ಧ: "ಎಲ್ಲಾಕ್ಕೂ ನೋ ಹಾಕು, ಲೈನ್ ಜಲ್ದಿ ಸಾಗತದ."

ಅಲ್ಲಿ ಇಳಿದ ಮೇಲೆ ನಡೆದುದನ್ನು ಅವಳು ಕಂಪ್ಯೂಟರಿನಲ್ಲಿ ಮುಖ ಕಾಣುವ ಕರೆ ಮಾಡಿ ನನಗೆ ಹೇಳಿದಳು. ಮೊದಲು ತಾಯಿಗಲ್ಲ, ನನಗೆ. ಆಹಾರ ಪದಾರ್ಥವಿದೆಯೇ ಎಂಬಲ್ಲಿ ಹೌದು ಎಂದು ಗುರುತು ಹಾಕಿದ್ದಳು. ಸಸ್ಯ ಅಥವಾ ಸಸ್ಯಭಾಗವಿದೆಯೇ ಎಂಬಲ್ಲಿ ಇಲ್ಲ ಎಂದು ಹಾಕಿದ್ದಳು. ಅಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ಸಸ್ಯ ಯಾವುದು, ಸಸ್ಯವಲ್ಲದ್ದು ಯಾವುದು ಎಂದು ಆ ಸಾಲಿನಲ್ಲಿ ನಿಂತವರಲ್ಲಿ ಎಲ್ಲರಿಗಿಂತ ಚೆನ್ನಾಗಿ ತಿಳಿದವಳು ಅವಳೇ. ಅಧಿಕಾರಿಣಿ ಪೆಟ್ಟಿಗೆಯನ್ನು ಉಕ್ಕಿನ ಮೇಜಿನ ಮೇಲೆ ಬಿಚ್ಚಿ, ಚಟ್ನಿಪುಡಿ ನೋಡಿ, ಕುಕ್ಕರಿನ ಟೇಪು ಕತ್ತರಿಸಿದಳು. ಅವಲಕ್ಕಿಯ ಕೆಳಗೆ ಒದ್ದೆ ಬಟ್ಟೆಯ ಗಂಟು ಇತ್ತು. ಒಂದು ಹಗಲು, ಒಂದು ರಾತ್ರಿ ಮುಚ್ಚಿದ ಪಾತ್ರೆಯಲ್ಲಿದ್ದ ಬಸಳೆ ಕೊಳೆತು, ಲೋಳೆಯಾಗಿ ನೂಲುನೂಲಾಗಿ ಇಳಿಯಿತಂತೆ. ದಂಟಿನ ಸಂದಿನಿಂದ ಹಿಟ್ಟು ತಿಗಣೆಗಳು ಹೊರಬಂದು ಬೆಳಕಿನಲ್ಲಿ ನಡೆದವಂತೆ. ಬುಡಕ್ಕೆ ಮಣ್ಣೂ ಅಂಟಿತ್ತು.

"ಅವಳು ಕೇಳಿದ್ಲು ದೊಡ್ಡಮ್ಮಾ, ಈ ಬ್ಯಾಗ್ ನೀನೇ ಪ್ಯಾಕ್ ಮಾಡಿದ್ಯಾ ಅಂತ. ಹೌದು ಅಂದ್ರೆ ಸುಳ್ಳಿ ನಾನು. ಇಲ್ಲ ಅಂದ್ರೆ ಪಾಗಲ್."

"ನೀನು ಏನಂದೆ?"

"ಇಲ್ಲ ಅಂದೆ. ಪೂರಾ ಬಿಲ್ಡಿಂಗ್ ಪ್ಯಾಕ್ ಮಾಡ್ತು ಅಂದೆ."

ಅವಳು ನಗಲು ಪ್ರಯತ್ನಿಸಿದಳು. ಪರದೆಯ ಮೇಲೆ ಅವಳ ಹಿಂದೆ ಖಾಲಿ ಗೋಡೆಯೊಂದು, ಕುರ್ಚಿಯ ಬೆನ್ನಿಗೆ ನೇತುಹಾಕಿದ ಆ ಬೂಷ್ಟು ವಾಸನೆಯ ಸ್ವೆಟರು ಕಾಣುತ್ತಿತ್ತು. ಎಚ್ಚರಿಕೆಯೊಂದನ್ನು ದಾಖಲು ಮಾಡಿಕೊಂಡು ಅವಳನ್ನು ಒಳಗೆ ಬಿಟ್ಟಿದ್ದರು. ಇಷ್ಟಕ್ಕೇ ಮುಗಿಯಿತೆಂದು ಬೇರೆಯವರು ಭಾವಿಸಬಹುದಾಗಿತ್ತು. ನನಗೂ ಅವಳಿಗೂ ಅದು ಇಷ್ಟಕ್ಕೇ ಮುಗಿಯುವುದಿಲ್ಲವೆಂದು ಗೊತ್ತಿತ್ತು. ಅಂಥ ಗಾಜಿನ ಮನೆಗಳನ್ನು ನಡೆಸಲು ಅಲ್ಲಿ ಸರಕಾರದ ಅನುಮತಿ ಬೇಕು. ಒಳಗೆ ಹೋಗುವವರ ಬಗ್ಗೆ ಪ್ರಾಧ್ಯಾಪಕರು ಉತ್ತರ ಕೊಡಬೇಕಾಗುತ್ತದೆ. ಬಾಯಿ ಮುಚ್ಚಿಕೊಂಡಿರು ಎಂದು ತಂಗಿ ಹೇಳಿದ್ದಳಂತೆ. ಹುಡುಗಿ ಮೊದಲ ಭೇಟಿಯಲ್ಲೇ ಪ್ರಾಧ್ಯಾಪಕಿಗೆ ಎಲ್ಲವನ್ನೂ ಹೇಳಿದಳು. ಅವರು ಕೊನೆಯವರೆಗೆ ಕೇಳಿ, ಹೇಳಿದ್ದಕ್ಕೆ ವಂದಿಸಿ, ಅವಳ ಜಾಗವನ್ನು ಬೇರೊಬ್ಬರಿಗೆ ಕೊಟ್ಟರು. ಸೆಮಿಸ್ಟರ್ ಉಳಿಯಿತು. ಪಾಠಗಳಿದ್ದವು, ಸೂಕ್ಷ್ಮದರ್ಶಕದ ಮುಂದೆ ಒಂದು ಸ್ಟೂಲಿತ್ತು. ಬೇರೆಯವರು ಗಾಜಿನ ಮನೆಯೊಳಗೆ ಕತ್ತರಿಸಿ, ಸಾಯಿಸಿ, ಬಣ್ಣ ಹಾಕಿ ತಂದ ಎಲೆಯ ಚೂರುಗಳನ್ನು ನೋಡುವ ಕೆಲಸವಿತ್ತು. ನಾನು ಆ ಪ್ರಾಧ್ಯಾಪಕಿಯ ಸ್ಥಾನದಲ್ಲಿದ್ದರೂ ಅದನ್ನೇ ಮಾಡುತ್ತಿದ್ದೆ. ಹಾಗೆಂದು ತಿಳಿದಿದ್ದುದರಿಂದ ನನ್ನ ಹೇಸಿಗೆ ಅವರ ಕಡೆ ತಿರುಗುವಂತಿರಲಿಲ್ಲ. ಅದೆಲ್ಲ ವರ್ತಕ ನಗರದ ಕಡೆಗೇ ಹರಿಯಿತು.

ಅವಳು ಅಲ್ಲಿ ನೆಲೆಗೊಂಡ ಬಗೆಯನ್ನು ನಾನು ಕರೆಯಿಂದ ಕರೆಗೆ ತಿಳಿದುಕೊಂಡೆ. ಮೂವರು ಹುಡುಗಿಯರ ಜೊತೆ ಒಂದು ಅಡುಗೆಮನೆ. ಅವರಲ್ಲೊಬ್ಬಳು ಅನ್ನ ಬೇಯಿಸಿದ ಪಾತ್ರೆಯನ್ನು ವಾರಗಟ್ಟಲೆ ತೊಳೆಯದೆ ಇಟ್ಟು ಅದರ ಮೇಲೆ ಹಸಿರು ಬೂಷ್ಟು ಬೆಳೆಸಿದಾಗ ಇವಳು ಅದರ ಜಾತಿ ಗುರುತಿಸಿ ಹೆಸರು ಬರೆದು ಅಂಟಿಸಿದಳಂತೆ. ಬೆಳಗಿನ ಚಳಿಗೆ ಬೆರಳು ಸೆಟೆಯುತ್ತಿದ್ದವು. ಬಸ್ಸು ಬಾರದಿದ್ದರೆ ಯಾರೂ ಬೈಯುವುದಿಲ್ಲ, ಸುಮ್ಮನೆ ನಿಂತಿರುತ್ತಾರೆ, ಅದೇ ಅಭ್ಯಾಸವಾಗುತ್ತಿಲ್ಲ ಎಂದಳು. ಕುಕ್ಕರನ್ನು ಅಧಿಕಾರಿಣಿ ತೊಳೆಸಿ ಹಿಂದಿರುಗಿಸಿದ್ದಳು. ಅವಳು ಅದನ್ನು ಹೊರಗೆ ತೆಗೆಯಲೇ ಇಲ್ಲ. ಮಧ್ಯಾಹ್ನದ ಊಟವನ್ನು ಗಾಜಿನ ಮನೆಯ ಎದುರಿನ ಬೆಂಚಿನಲ್ಲಿ ಕುಳಿತು ಮಾಡುತ್ತೇನೆಂದು ಒಮ್ಮೆ ಬಾಯಿತಪ್ಪಿ ಹೇಳಿದಳು. ಒಳಗಿನವರು ಮಂಜು ಹಿಡಿದ ಗಾಜಿನ ಹಿಂದೆ ಓಡಾಡುವುದು ಕಾಣುತ್ತದಂತೆ. ಆ ಮೇಲೆ ಅವಳು ಬೆಂಚಿನ ಮಾತೆತ್ತಲಿಲ್ಲ, ನಾನೂ ಕೇಳಲಿಲ್ಲ.

ಗಣಪತಿ ಹಬ್ಬಕ್ಕೆ ನಾನು ತಂಗಿಯಲ್ಲಿಗೆ ಹೋಗಿದ್ದಾಗ ಎದುರು ಮನೆಯವಳು ಬಂದಳು. ಮುಖ ಊದಿಸಿಕೊಂಡಿದ್ದಳು. ಕ್ಷಮೆ ಕೇಳಲು ಬಂದಿರಬಹುದೆಂದು ನಾನು ಎದ್ದು ಕುಳಿತೆ.

"ಅಲ್ಲ ಅಕ್ಕ, ನಿಮ್ಮ ಹುಡುಗಿಗೆ ಸ್ವಲ್ಪವೂ ಬುದ್ಧಿ ಇಲ್ಲವಾ? ಕುಕ್ಕರ್ ಉಂಟು ಅಂತ ಅವರಿಗೆ ಯಾಕೆ ತೋರಿಸ್ಬೇಕು? ನನ್ನ ತಂಗಿ ಹಂಡೆಯಷ್ಟು ದೊಡ್ಡ ಕುಂಡ ತಂದಿಟ್ಟು ಕಾದದ್ದೇ ಬಂತು."

ತಂಗಿ ನಡುವೆ ಬಂದು, "ಹೋಗ್ಲಿ ಬಿಡ್ರಿ, ಆಗಿದ್ದು ಆತು," ಎಂದಳು.

ನಾನು ಆಕೆಯ ಕಡೆಗೆ ತಿರುಗಿದೆ. "ಬೇಡವೆಂದು ನಾನು ಹೇಳಿದ್ದೆ. ನೀವು ಆಯಿತು ಅಂದಿರಿ."

"ಅಂದೆ."

"ಆಮೇಲೆ ಇಟ್ಟಿರಿ."

"ಇಟ್ಟೆ. ಅವಳಿಗೆ ಹೇಳಿ ಕೊಟ್ಟರೆ ಬಸಳೆ ಹಿಡಿಯುದಿಲ್ಲ ಅಕ್ಕ." ಆಕೆ ಮಗುವಿಗೆ ತಿಳಿಸುವಂತೆ ತಿಳಿಸಿದಳು. "ನಮ್ಮ ಊರಲ್ಲಿ ಎಲ್ಲ ಹಾಗೇ. ಬಳ್ಳಿ ತಕ್ಕೊಂಡು ಹೋಗುವವರಿಗೆ ಗೊತ್ತಾಗಬಾರದು, ಕೇಳಿ ತಂದದ್ದು ಹಿಡಿಯುದಿಲ್ಲ, ತಿಳಿಯದೆ ಬಂದದ್ದು ಚಪ್ಪರ ತುಂಬ ಹಬ್ಬುತ್ತದೆ. ನನ್ನ ಅತ್ತೆ ಮದುವೆಯ ದಿವಸ ನನ್ನ ಟ್ರಂಕಿಗೆ ಹಾಕಿದ್ದೂ ಹಾಗೇ. ಈ ಬಾಲ್ಕನಿಯಲ್ಲಿ ಉಂಟಲ್ಲ, ಅದೇ ಇದು. ನಿಮಗೆ ಮೊದಲು ಕೇಳಿದ್ದೇ ನನ್ನ ತಪ್ಪು. ಕೇಳದೆ ಇಟ್ಟಿದ್ದರೆ ಸರಿಯಾಗಿ ಹೋಗಿ ಮುಟ್ತಿತ್ತು."

ಸುಳ್ಳು ಹೇಳಿದವರ ಮೇಲೆ ಕೋಪಿಸಿಕೊಳ್ಳಬಹುದು. ಆಕೆ ಸುಳ್ಳು ಹೇಳುತ್ತಿರಲಿಲ್ಲ. ಹುಡುಗಿ ಕಳೆದುಕೊಂಡದ್ದು ಏನೆಂದು ನಾನು ಹೇಳಹೊರಟೆ: ಗಾಜಿನ ಮನೆ, ಅದರೊಳಗಿನ ಜಾಗ, ಈಗ ಅವಳು ಕೂತು ನೋಡುವ ಸತ್ತ ಎಲೆಗಳು. ಆಕೆ ಮೋದಕ ಮುರಿದು ಬಾಯಿಗೆ ಹಾಕಿಕೊಂಡು ಪೂರ್ತಿ ಕೇಳಿದಳು. "ಗಾಜಿನ ಮನೆ ಅಂದ್ರೆ ಎಂತ, ಸೆಕೆ ಅಲ್ಲವಾ ಅದರೊಳಗೆ? ಒಳ್ಳೆದೇ ಆಯ್ತು ಬಿಡಿ. ಫ್ಯಾನಿನ ಕೆಳಗೆ ಕೂತು ಮಾಡುವ ಕೆಲಸ ಸಿಕ್ಕಿತು," ಎಂದಳು. ಬೆಲ್ಲದ ಪಾಕ ಆಕೆಯ ಗಲ್ಲದ ಮೇಲೆ ಇಳಿದಿತ್ತು. ಅಂದು ನನಗೆ ಊಟ ಸೇರಲಿಲ್ಲ. ಹಬ್ಬದ ದಿನ ಹಸಿದು ಏಳಬಾರದೆಂದು ತಂಗಿ ಮತ್ತೆ ಮತ್ತೆ ಬಡಿಸಿದಳು. ತುಪ್ಪ ಹೆಪ್ಪುಗಟ್ಟುವವರೆಗೆ ತಟ್ಟೆಯ ಮುಂದೆ ಕುಳಿತಿದ್ದೆ.

ಹುಡುಗಿ ಹಿಂದಿರುಗಿದ್ದು ನವೆಂಬರಿನಲ್ಲಿ. ತಂಗಿ ಡಿಸೆಂಬರ್ ಎನ್ನುತ್ತಾಳೆ. ಮರುದಿನ ಅವರ ಮನೆಯಲ್ಲಿ ತುಳಸಿಯ ಮದುವೆ ಇದ್ದುದರಿಂದ ನವೆಂಬರೇ ಸರಿ. ಅಲ್ಲಿ ಒಳ್ಳೆಯ ಅಂಕಗಳೇ ಬಂದಿದ್ದವು. ಅಂಕಗಳನ್ನು ನೋಡಿ ಎಲ್ಲರೂ, ಹೇಳಲಿಲ್ಲವೇ, ಏನೂ ಆಗಲಿಲ್ಲ ಎಂದರು. ಚಾಕೊಲೇಟು ಹಂಚಿದಳು. ಮಾತು ಕಡಿಮೆಯಾಗಿತ್ತು. ಫ್ಲೆಕ್ಸಿನ ಚಿಂದಿ ಇನ್ನೂ ಕಂಬಿಗೆ ನೇತಾಡುತ್ತಿತ್ತು. ನಾಯಕರ ಒಂದು ಕೈ ಮತ್ತು ಅವಳ ಒಂದು ಜಡೆ ಮಾತ್ರ ಉಳಿದಿದ್ದವು.

ಮುಂದಿನ ಫೆಬ್ರವರಿಯಲ್ಲಿ, ಅಂದರೆ 2013ರಲ್ಲಿ, ಎದುರು ಮನೆಯವಳ ಮಗ ಹೊರಟ. ಹೋಟೆಲ್ ಮ್ಯಾನೇಜ್‌ಮೆಂಟ್ ಓದುತ್ತಿದ್ದವನು. ಅವನಿಗೂ ಒಂದು ಸೆಮಿಸ್ಟರ್, ಅದೇ ದೇಶ, ಉಳಿದುಕೊಳ್ಳುವುದು ಬಸಳೆಗೆ ಕಾದಿದ್ದ ಅದೇ ಚಿಕ್ಕಮ್ಮನ ಮನೆಯಲ್ಲಿ. (ಇದು 2014 ಎಂದು ವಾದಿಸುವವರಿದ್ದಾರೆ. ಆ ಕಟ್ಟಡಕ್ಕೆ ಲಿಫ್ಟ್ ಬಂದದ್ದು 2013ರ ಕೊನೆಗೆ. ಅಂದು ನಾನು ಮೆಟ್ಟಿಲು ಹತ್ತಿ, ಎರಡು ಕಡೆ ನಿಂತು ಉಸಿರು ತೆಗೆದುಕೊಂಡದ್ದು ನನ್ನ ಮಂಡಿಗಳಿಗೆ ನೆನಪಿದೆ.) ಹೊಸ ಫ್ಲೆಕ್ಸ್ ಬಂದಿತ್ತು. ಅದೇ ನಾಯಕರು, ಅದೇ ನಗು. ಸಂಜೆಗೆ ಎರಡೂ ಮನೆಗಳ ಬಾಗಿಲು ತೆರೆದಿಟ್ಟು, ಮತ್ತೆ ಭಜಿ, ಮತ್ತೆ ಪೊಟ್ಟಣ, ಮತ್ತೆ ಸಿಗಡಿಯ ವಾಸನೆ, ಮತ್ತೆ ರದ್ದಿ ಅಂಗಡಿಯ ಕೊಕ್ಕೆ.

ಹುಡುಗ ನೇರವಾಗಿ ನಮ್ಮವಳ ಹತ್ತಿರ ಬಂದ. "ದೀದಿ, ತೂ ಚೆಕ್ ಕರ್ ನಾ. ಪ್ಲೀಸ್."

ಅವಳು ಎದ್ದಳು. ಊಟದ ಮೇಜಿನ ಮೇಲಿನದ್ದನ್ನೆಲ್ಲ ಸರಿಸಿ, ಒರೆಸಿ, ಪೆಟ್ಟಿಗೆಯಿಂದ ಒಂದೊಂದೇ ಪೊಟ್ಟಣ ತೆಗೆದು, ಬಿಚ್ಚಿ, ಸ್ಟೀಲಿನ ತಟ್ಟೆಗೆ ಸುರಿದು, ಬೆರಳಾಡಿಸಿ ನೋಡತೊಡಗಿದಳು. ಅದನ್ನು ಎಲ್ಲಿ ಕಲಿತಳೆಂದು ನನಗೆ ಗೊತ್ತಿತ್ತು.

"ಕಸ್ಟಮ್ಸ್ ಮೇಡಂ ಬಂದ್ರು, ಎಲ್ಲರೂ ಕೈ ಮ್ಯಾಲೆ ಮಾಡ್ರಪಾ," ಎಂದ ಕಳಂಬೋಲಿಯ ಮೈದುನ.

"ನಮ್ಮನ್ನೂ ಗಾಜಿನ ಮನೆಗೆ ಹಾಕ್ಲಿಕ್ಕುಂಟಾ ಮಗಾ?" ಎಂದಳು ಎದುರು ಮನೆಯವಳು. ನಗು ಎರಡೂ ಮನೆಗಳನ್ನು ದಾಟಿ ಮೆಟ್ಟಿಲವರೆಗೆ ಹೋಯಿತು. ಹುಡುಗಿ ತಲೆ ಎತ್ತಲಿಲ್ಲ. ಕುಕ್ಕರ್ ಬಂತು. ಟೇಪು ಸುತ್ತಿತ್ತು. ಅವಳು ಅದನ್ನು ಉಗುರಿನಿಂದ ಬಿಡಿಸಿದಳು. ಒಳಗೆ ಕುಚ್ಚಲಕ್ಕಿಯ ಚೀಲ. ಅದನ್ನು ಎತ್ತಿ ಕೆಳಗೆ ಕೈ ಹಾಕಿ, ಒದ್ದೆ ಬಟ್ಟೆಯ ಗಂಟೊಂದನ್ನು ತೆಗೆದು ತಟ್ಟೆಯ ಮೇಲೆ ಇಟ್ಟಳು. ಗಂಟು ಬಿಚ್ಚಿದಾಗ ದಂಟು, ಎಲೆ, ಬುಡದ ಮಣ್ಣು.

"ಇದು ಯಾರದು?"

ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ಗೋಡೆಯನ್ನೋ, ಭಜಿಯ ತಟ್ಟೆಯನ್ನೋ, ಫ್ಯಾನನ್ನೋ ನೋಡಿದರು. ಎದುರು ಮನೆಯವಳು ಸೆರಗನ್ನು ಸರಿಪಡಿಸಿಕೊಂಡು, "ಯಾರು ಇಟ್ಟರೋ ದೇವರಿಗೇ ಗೊತ್ತು," ಎಂದಳು.

ಅವಳ ಮಗ ತಾಯಿಯನ್ನೇ ನೋಡುತ್ತ ನಿಂತಿದ್ದ. "ಅಮ್ಮಾ," ಎಂದ. "ಮೇರಾ ಭೀ? ನನ್ನದರಲ್ಲೂ?"

ಆಕೆಯ ಮುಖದ ರಕ್ತ ಇಳಿದದ್ದನ್ನು ನಾನು ಮೊದಲ ಬಾರಿಗೆ ಕಂಡೆ. "ಅಲ್ಲ ಮಗಾ, ನಿನಗೆ ಹೇಳಿದ್ರೆ ಅದು..." ಎಂದು ಆರಂಭಿಸಿ ನಿಲ್ಲಿಸಿದಳು. ನಾನು ತಿಂಗಳುಗಟ್ಟಲೆ ಮನಸ್ಸಿನಲ್ಲೇ ಕಟ್ಟಿಟ್ಟುಕೊಂಡಿದ್ದ ಮಾತುಗಳನ್ನು ಆಡಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಆಡಲಿಲ್ಲ.

ಹುಡುಗಿ ತಟ್ಟೆಯನ್ನೂ ಕುಕ್ಕರನ್ನೂ ಎತ್ತಿಕೊಂಡು ಎದುರು ಮನೆಯ ಅಡುಗೆಕೋಣೆಗೆ ಹೋದಳು. ನಾನು ಹಿಂದೆ ಹೋದೆ. ಎಲೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುತ್ತ ಬಿಡಿಸುತ್ತಿದ್ದಳು. ಒಂದನ್ನು ನನ್ನ ಕಡೆಗೆ ಚಾಚಿದಳು.

"ದೊಡ್ಡಮ್ಮಾ, ನೋಡಿ."

ಕೆಂಪು ಅಂಚಿನ, ನಡುವೆ ಬಿಳಚಿದ ಚುಕ್ಕೆ, ಮೀನಿನ ಕಣ್ಣಿನಂತೆ. "ಎಲೆಚುಕ್ಕೆ," ಎಂದೆ.

"ಅಲ್ಲಿ ಲೈವ್ ಒಂದೂ ನೋಡಲಿಲ್ಲ," ಎಂದಳು.

ಚುಕ್ಕೆಯ ಎಲೆಗಳನ್ನೆಲ್ಲ ಬೇರೆ ಮಾಡಿ, ಇಕ್ಕಳದಲ್ಲಿ ಹಿಡಿದು, ಗ್ಯಾಸಿನ ಉರಿಯ ಮೇಲೆ ಬೂದಿಯಾಗುವವರೆಗೆ ಸುಟ್ಟಳು. ಬಾಗಿಲಲ್ಲಿ ನಿಂತ ಯಾರೋ, "ಎರಡು ಎಲೆಗೆ ಎಷ್ಟು ಸಂಭ್ರಮ ಮಾರಾಯ್ತಿ!" ಎಂದರು. ಅವಳು ಇಕ್ಕಳವನ್ನು ಕುದಿಯುವ ನೀರಿಗೆ ಹಾಕಿದಳು. ಸಿಂಕಿನ ನಲ್ಲಿ ತಿರುಗಿಸಿ, ಉಗುರಿನ ಸಂದು, ಬೆರಳ ಸಂದು, ಮಣಿಕಟ್ಟು, ಮೊಣಕೈವರೆಗೆ ಸೋಪು ಹಚ್ಚಿ ನಿಧಾನವಾಗಿ ತೊಳೆದುಕೊಂಡಳು. ಕೈಗಳನ್ನು ಯಾವುದಕ್ಕೂ ಸೋಕದಂತೆ ಮೇಲಕ್ಕೆ ಹಿಡಿದು, ನೀರು ಮೊಣಕೈಯಿಂದ ತೊಟ್ಟಿಕ್ಕುವವರೆಗೆ, ಒಂದು ಬಾಗಿಲು ತೆರೆಯುವುದನ್ನು ಕಾಯುವವಳಂತೆ ನಿಂತಳು.

ಆಮೇಲೆ ಉಳಿದ ಎಲೆಗಳನ್ನು ಹೆಚ್ಚಿ ತೊಗರಿಬೇಳೆಯ ಜೊತೆ ಅದೇ ಕುಕ್ಕರಿಗೆ ಹಾಕಿ ಮುಚ್ಚಳ ತಿರುಗಿಸಿದಳು. ಸೀಟಿ ಕೂಗಿದ ಮೇಲೆ ಎದುರು ಮನೆಯವಳು ಒಳಗೆ ಬಂದಳು. ಕಣ್ಣು ಕೆಂಪಾಗಿತ್ತು. ಕುಕ್ಕರನ್ನೇ ದಿಟ್ಟಿಸಿ, "ಬಸಳೆಗೆ ಕಾಯಿ ಹಾಕದೆಯಾ? ರಾಮ ರಾಮ," ಎಂದು ತುರಿಮಣೆ ಎಳೆದುಕೊಂಡು ಕುಳಿತಳು.

ಆ ರಾತ್ರಿ ಎರಡೂ ಮನೆಯವರು ಅದನ್ನೇ ಉಂಡರು. ಕೆಲವರು ಎರಡನೆಯ ಸಲ ಬಡಿಸಿಕೊಂಡರು, ಮೈದುನ ಬೆರಳು ನೆಕ್ಕಿದ. ಪೆಟ್ಟಿಗೆಯ ಬಳಿಗೆ ಯಾರೂ ಹೋಗಲಿಲ್ಲ. ಹುಡುಗ ಅದರ ಮೇಲೆಯೇ ಕುಳಿತು ಉಣ್ಣುತ್ತಿದ್ದ. ನನ್ನ ತಟ್ಟೆಗೆ ಸೌಟು ಬಂದಾಗ ನಾನು ಕೈ ಅಡ್ಡ ಹಿಡಿದು, ಮೊಸರನ್ನ ಸಾಕು ಎಂದೆ.